ಏಳು ಜನರ ಆಮ್ಲಜನಕ

ವಿಮರ್ಶೆ ಎನ್ನುವುದು ಸತ್ಯದ ಕಠಿಣ ಸೇವೆ. ಅಲ್ಲಿ ಬಂಧುತ್ವಕ್ಕೂ ದಾಕ್ಷಿಣ್ಯಕ್ಕೂ ಎಡೆಯಿಲ್ಲ. ಕೃತಿಯೊಂದೇ ಎದುರಿಗಿರಬೇಕು, ಕರ್ತೃ ಕಣ್ಣಿಗೆ ಬೀಳಬಾರದು. ಈ ಮಾತನ್ನು ಮೊದಲು ಆಡಿದವರು ಯಾರೋ ನನಗೆ ಗೊತ್ತಿಲ್ಲ. ಆದರೆ ಅವರ ಹೆಂಡತಿ ಕಾದಂಬರಿ ಬರೆದಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ.

ನನ್ನ ಹೆಂಡತಿ ಬರೆದಳು. ಅರವತ್ತನೆಯ ವಯಸ್ಸಿನಲ್ಲಿ, ಅಮೆರಿಕದ ಸಿಯಾಟಲ್ ಬಳಿಯ ಲಿನ್‌ವುಡ್‌ನ ನಮ್ಮ ಅಡುಗೆಮನೆಯ ಮೇಜಿನ ಮೇಲೆ, ಕನ್ನಡದಲ್ಲಿ, ಮುನ್ನೂರು ಪುಟದ ವೈಜ್ಞಾನಿಕ ಸಾಹಸ ಕಾದಂಬರಿ. ಆಕೆ ಮೈಸೂರಿನಲ್ಲಿ ಎಂಟು ವರ್ಷ ಹೈಸ್ಕೂಲಿನ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದವಳು. ಇಲ್ಲಿಗೆ ಬಂದ ಮೇಲೆ ಕಾಲೇಜೊಂದರ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನುಗಳ ಯೋಗಕ್ಷೇಮ ನೋಡಿಕೊಂಡವಳು. ಎರಡು ವರ್ಷ ದಿನವೂ ಬೆಳಗಿನ ಕಾಫಿಯ ನಂತರ ಕೂತು ಏನನ್ನೋ ಟೈಪ್ ಮಾಡುತ್ತಿದ್ದಳು. ಅಡುಗೆಯ ವಿಧಾನಗಳನ್ನು ಮಗಳಿಗಾಗಿ ಬರೆದಿಡುತ್ತಿದ್ದಾಳೆ ಎಂದೇ ನಾನು ತಿಳಿದಿದ್ದೆ. ಒಂದು ದಿನ ಹಿಂದಿನಿಂದ ಇಣುಕಿ ನೋಡಿದರೆ ಪರದೆಯ ಮೇಲೆ ಇದ್ದ ವಾಕ್ಯ: 'ಶನಿಯ ಬಳೆಗಳ ನೆರಳು ನೌಕೆಯ ಮೇಲೆ ಬಿದ್ದಾಗ ಕ್ಯಾಪ್ಟನ್ ಕನ್ನಡಕ ಒರೆಸಿಕೊಂಡರು.' ಅಡುಗೆಯ ವಿಧಾನ ಇದಲ್ಲವೆಂದು ನನಗೆ ತಕ್ಷಣವೇ ಅರ್ಥವಾಯಿತು.

ಮೈಸೂರಿನಲ್ಲಿ ಒಬ್ಬ ಪ್ರಕಾಶಕರಿದ್ದಾರೆ. ಆಕೆ ಧೈರ್ಯ ಮಾಡಿ ಅವರಿಗೆ ಫೋನ್ ಮಾಡಿದಾಗ ಅವರು ಹೇಳಿದ್ದು ಇಷ್ಟು: "ಕಳ್ಸಿ ಮೇಡಂ. ಆದ್ರೆ ನಾನು ಒಂದು ಹಸ್ತಪ್ರತೀನ ಒಂದೇ ಸಲ ಓದೋದು. ತಿದ್ದಿದೀನಿ, ಇನ್ನೊಂದ್ಸಲ ನೋಡಿ ಅಂತ ಆಮೇಲೆ ಕಳಿಸ್ಬೇಡಿ. ಗಣೇಶನ ಹಬ್ಬದೊಳಗೆ ಬರ್ಲಿ."

ಒಂದೇ ಅವಕಾಶ. ಎರಡು ವರ್ಷದ ಬೆಳಗುಗಳೆಲ್ಲ ಆ ಒಂದು ಓದಿನ ಮೇಲೆ ನಿಂತಿದ್ದವು. ಆದ್ದರಿಂದ ಕಳಿಸುವ ಮುಂಚೆ ಯಾರಾದರೂ ಓದಿ ನಿಜ ಹೇಳಲಿ ಎಂದು ಆಕೆ ಬರೆದಷ್ಟನ್ನು ಅಚ್ಚುಹಾಕಿ, ಕ್ಲಿಪ್ಪು ಸಿಕ್ಕಿಸಿ, ಮೊದಲು ಪಕ್ಕದ ಮನೆಯವರಿಗೆ ಕೊಟ್ಟಳು. ಅವರು ಮಂಗಳೂರು ಕಡೆಯವರು, ಸಜ್ಜನರು, ರೆಡ್ಮಂಡ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ನಾಲ್ಕನೆಯ ದಿನ ಬೇಲಿಯಾಚೆಯಿಂದಲೇ ಕೂಗಿದರು.

"ಭಾರೀ ಲಾಯ್ಕ ಉಂಟು ಅಕ್ಕ! ಒಂದಕ್ಷರ ಮುಟ್ಲಿಕ್ಕಿಲ್ಲ. ಕಳಿಸಿಬಿಡಿ."

"ಕೊನೆ ಹೇಗನ್ನಿಸ್ತು?"

"ಕೊನೆ ಅಂತೂ ಫಸ್ಟ್ ಕ್ಲಾಸ್."

ಕೊನೆಯ ಅಧ್ಯಾಯವನ್ನು ಆಕೆ ಆಗ ಇನ್ನೂ ಬರೆದೇ ಇರಲಿಲ್ಲ. ಹಾಳೆಗಳನ್ನು ನೋಡಿದರೆ ಮೂವತ್ತೆರಡನೆಯ ಪುಟದವರೆಗೆ ಅಂಚು ಮಾಸಿತ್ತು. ಅಲ್ಲಿಂದ ಮುಂದೆ ಪ್ರಿಂಟರಿನಿಂದ ಆಗತಾನೆ ಹೊರಬಂದ ಹಾಗೆ ನೀಟಾಗಿತ್ತು. ಆ ಸಜ್ಜನರನ್ನು ದೂರಿ ಪ್ರಯೋಜನವಿಲ್ಲ. ನಮ್ಮ ಸಾಫ್ಟ್‌ವೇರ್ ಕಸುಬಿನಲ್ಲಿ ಸಹೋದ್ಯೋಗಿ ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಿಗೆ ಒತ್ತಬೇಕೆಂಬ ನಿಯಮವಿದೆ. ಒತ್ತುವ ಭಾಗವನ್ನು ಎಲ್ಲರೂ ತಪ್ಪದೆ ಪಾಲಿಸುತ್ತಾರೆ.

ಕೊನೆಯ ಅಧ್ಯಾಯ ಬರೆದು ಮುಗಿಸಿ ಆಕೆ ನನ್ನ ಕಡೆ ತಿರುಗಿದಳು.

"ರೀ, ಮೂವತ್ತು ವರ್ಷ ಕಂಪ್ನಿಗೆ ತಪ್ಪು ಹುಡುಕಿ ಕೊಟ್ರಿ. ನಂಗೊಂದು ಹದಿನೈದು ದಿನ ಹುಡುಕಿ ಕೊಡಿ."

"ನಾನು ರಿಟೈರ್ ಆಗಿದೀನಿ ಕಣೇ."

"ಬಾಯಿ ಇನ್ನೂ ಆಗಿಲ್ವಲ್ಲ. ಬೆಳಿಗ್ಗೆ ಉಪ್ಪಿಟ್ಟಲ್ಲಿ ಮೂರು ಹುಡುಕಿದ್ರಿ."

ಇದು ನಿಜ. ನಾನು ಟೆಸ್ಟರ್ ಆಗಿದ್ದವನು. ಬೇರೆಯವರು ಕಷ್ಟಪಟ್ಟು ಕಟ್ಟಿದ್ದನ್ನು ತಟ್ಟಿ, ಕುಟ್ಟಿ, ಎಲ್ಲಿ ಬಿರುಕು ಬಿಡುತ್ತದೆಂದು ಪತ್ತೆಹಚ್ಚಿ, ಸಂಖ್ಯೆ ಕೊಟ್ಟು, ತೀವ್ರತೆ ಗುರುತುಹಾಕಿ, ಪಟ್ಟಿ ಮಾಡುವುದು ನನ್ನ ಜೀವನೋಪಾಯವಾಗಿತ್ತು. ತೀವ್ರತೆ ಒಂದು ಎಂದರೆ ಎಲ್ಲ ಕೆಲಸ ನಿಲ್ಲಿಸಿ ಇದನ್ನು ಸರಿಮಾಡಿ ಎಂದರ್ಥ. ನಾಲ್ಕು ಎಂದರೆ ಪುರುಸೊತ್ತಾದಾಗ ನೋಡಿ. ಪುರುಸೊತ್ತು ಯಾರಿಗೂ ಆಗುವುದಿಲ್ಲ.

ಹಸ್ತಪ್ರತಿಯನ್ನು ಎರಡು ಕೈಯಲ್ಲೂ ಗಂಭೀರವಾಗಿ ಸ್ವೀಕರಿಸಿದೆ.

ಕತೆ ಹೀಗಿದೆ. ಶನಿಗ್ರಹದ ಒಂದು ಉಪಗ್ರಹದ ಮೇಲೆ, ಹಿಮ ಕೊರೆದು ನೀರು ತೆಗೆಯುವ ಠಾಣೆಯೊಂದು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿಬಿಟ್ಟಿದೆ. ಏನಾಯಿತೆಂದು ನೋಡಿಕೊಂಡು ಬರಲು ಒಂದು ನೌಕೆ ಹೊರಡುತ್ತದೆ. ಅದರ ಕ್ಯಾಪ್ಟನ್ ಮೈಸೂರಿನವರು, ಐವತ್ತೆಂಟು ವರ್ಷದ ನಿವೃತ್ತ ಭೌತಶಾಸ್ತ್ರದ ಮೇಡಂ. ಈ ಪಾತ್ರಕ್ಕೂ ಲೇಖಕಿಗೂ ಯಾವ ಸಂಬಂಧವೂ ಇಲ್ಲವೆಂದು ಲೇಖಕಿ ನನಗೆ ಮೂರು ಬಾರಿ ಹೇಳಿದ್ದಾಳೆ. ಕ್ಯಾಪ್ಟನ್ ಅವರ ಗಂಡ ಮೊದಲನೆಯ ಅಧ್ಯಾಯಕ್ಕೂ ಮುಂಚೆಯೇ ತೀರಿಕೊಂಡಿರುತ್ತಾನೆ. ಅದಕ್ಕೂ ಯಾವ ಸಂಬಂಧವೂ ಇಲ್ಲವಂತೆ.

ನೌಕೆಯಲ್ಲಿ ಏಳು ಜನ. ಅವರಲ್ಲಿ ಪೈಪ್ ತಾತ ಎಂದು ಎಲ್ಲರೂ ಕರೆಯುವ ಒಬ್ಬ ಮುದುಕ, ನೌಕೆಯ ನಲ್ಲಿ, ಕೊಳವೆಗಳ ಉಸ್ತುವಾರಿ. ಕೊಳವೆಗೆ ಕಿವಿಯಿಟ್ಟು ಅದರ ಜೊತೆ ಮಾತಾಡುತ್ತಾನೆ. ಯಾರು ಏನು ಹೇಳಿದರೂ 'ಅಪ್ಪಣೆ' ಎಂದು ಹೇಳಿ ತನಗೆ ತೋಚಿದ್ದನ್ನೇ ಮಾಡುವ ಒಂದು ಯಂತ್ರಮಾನವ ಬೇರೆ. ಏಳನೆಯವನು ಗಾಳಿಯ ಕೊಳವೆಯೊಳಗೆ ಅಡಗಿ ಕೂತ ಒಬ್ಬ ಖಳ.

ಓದಲು ಶುರುಮಾಡಿದ್ದು ಮನೆಯಲ್ಲಿ, ಮುಂದುವರಿಸಿದ್ದು ರೈಲಿನಲ್ಲಿ. ನಾರ್ತ್‌ಗೇಟ್‌ನಲ್ಲಿ ನನ್ನ ಹಲ್ಲಿನ ವೈದ್ಯರಿದ್ದಾರೆ. ಲಿನ್‌ವುಡ್‌ನಿಂದ ಲೈಟ್ ರೈಲು ಹತ್ತಿದರೆ ಕಾಲು ಗಂಟೆಯ ದಾರಿ. ಹತ್ತಿದೆ, ಕೂತೆ, ಹತ್ತೊಂಬತ್ತನೆಯ ಅಧ್ಯಾಯ ತೆರೆದೆ. ಅದರಲ್ಲಿ ಕ್ಯಾಪ್ಟನ್ ಒಬ್ಬರೇ ಠಾಣೆಯ ಒಳಗೆ ಹೋಗುತ್ತಾರೆ. ಊಟದ ಮೇಜಿನ ಮೇಲೆ ತಟ್ಟೆಗಳಿವೆ, ಜನರಿಲ್ಲ. ಗೋಡೆಯಾಚೆ ಯಾರೋ ಎಣಿಸುತ್ತಿದ್ದಾರೆ. ಯಾರು, ಏನನ್ನು ಎಣಿಸುತ್ತಿದ್ದಾರೆಂದು ಗೊತ್ತಾಗುವ ಹೊತ್ತಿಗೆ ತಲೆಯೆತ್ತಿ ನೋಡಿದೆ. ಸುತ್ತ ಎಲ್ಲರ ಕೈಯಲ್ಲೂ ಸೂಟ್‌ಕೇಸ್ ಇತ್ತು. ರೈಲು ಊರಿನ ಕೆಳಗೆ ಸುರಂಗ ಹೊಕ್ಕು ಹೊರಬಂದು, ಸಿಯಾಟಲ್ ಇಡೀ ದಾಟಿ, ವಿಮಾನ ನಿಲ್ದಾಣದಲ್ಲಿ ನಿಂತಿತ್ತು.

ಮನೆಗೆ ಬಂದಾಗ ಆಕೆ ಕೇಳಿದಳು, "ಡಾಕ್ಟ್ರು ಏನಂದ್ರು?"

"ಹಲ್ಲು ಚೆನ್ನಾಗಿದ್ಯಂತೆ. ಇನ್ನೊಂದ್ಸಲ ಬನ್ನಿ ಅಂದ್ರು."

"ಚೆನ್ನಾಗಿದ್ರೆ ಇನ್ನೊಂದ್ಸಲ ಯಾಕೆ?"

"ಅಷ್ಟು ಚೆನ್ನಾಗಿದ್ಯಂತೆ."

ಆಕೆ "ಹೌದಾ, ಪಾಪ" ಎಂದಳು. ಯಾರಿಗೆ ಪಾಪ ಎಂದಳೆಂದು ಆಗ ವಿಚಾರಿಸಲಿಲ್ಲ.

ಆಮೇಲೆ ಪಟ್ಟಿ ಮಾಡಲು ಕೂತೆ. ಎರಡನೆಯ ಸಲ ಕೆಂಪು ಪೆನ್ನು ಹಿಡಿದು ಓದಿದೆ. ಒಂಬತ್ತು ದಿನದಲ್ಲಿ ನೂರ ಹದಿನಾಲ್ಕು ದೋಷಗಳಾದವು. ನನ್ನ ಕಾಲದ ಅತ್ಯುತ್ತಮ ಕೆಲಸಗಳಲ್ಲಿ ಅದೊಂದು ಎಂದು ಈಗಲೂ ಹೇಳಬಲ್ಲೆ. ಅದೇ ಅದರ ಮೇಲಿರುವ ಆರೋಪ ಕೂಡ. ಕೆಲವನ್ನು ಇಲ್ಲಿ ಕೊಡುತ್ತೇನೆ.

ಹದಿಮೂರು: ಖಳ ಸಿಕ್ಕಿಬಿದ್ದ ಮೇಲೆ ತನ್ನ ಇಡೀ ಯೋಜನೆಯನ್ನು ಮೂರೂವರೆ ಪುಟ ವಿವರಿಸುತ್ತಾನೆ. ಕೇಳಿದವರು ಯಾರೂ ಇಲ್ಲ. ತೀವ್ರತೆ ಎರಡು.

ಇಪ್ಪತ್ತೆಂಟು: ಯಂತ್ರಮಾನವ 'ಅಪ್ಪಣೆ' ಎನ್ನುವುದು ಅರವತ್ತೆರಡು ಸಲ. ಮೊದಲ ಹತ್ತು ಸಲ ನಗು ಬಂತು. ತೀವ್ರತೆ ಮೂರು.

ನಲವತ್ತು: ಉಪಗ್ರಹದ ಮೇಲಿನ ಹಿಮದ ಬೆಟ್ಟಕ್ಕೆ ಮೆಟ್ಟಿಲುಗಳಿದ್ದು, ಅರ್ಧ ದಾರಿಯಲ್ಲಿ ಕೂರಲು ಕಟ್ಟೆಯೂ ಇದೆ. ಅಲ್ಲಿ ಕಟ್ಟೆ ಕಟ್ಟಿಸಿದವರು ಯಾರು? ತೀವ್ರತೆ ಮೂರು.

ಐವತ್ತೊಂದು: ಹನ್ನೊಂದನೆಯ ಅಧ್ಯಾಯದಲ್ಲಿ, ಖಳ ನೌಕೆಯಲ್ಲೇ ಎಲ್ಲೋ ಇದ್ದಾನೆಂದು ಗೊತ್ತಾದ ಮೇಲೂ, ಕ್ಯಾಪ್ಟನ್ ಹನ್ನೊಂದು ಪುಟ ಸಾರು ಮಾಡುತ್ತಾರೆ. ತೂಕವಿಲ್ಲದ ಕಡೆ ಸಾರು ಪಾತ್ರೆಯಲ್ಲಿ ನಿಲ್ಲುವುದಿಲ್ಲ, ಸಾಸಿವೆ ಬಾಣಲೆಯಲ್ಲಿ ನಿಲ್ಲುವುದಿಲ್ಲ. ನೌಕೆಯಲ್ಲಿ ಒಗ್ಗರಣೆ ಸುರಕ್ಷತಾ ನಿಯಮಗಳಿಗೆ ವಿರುದ್ಧ. ಕತೆಯ ಓಟಕ್ಕೆ ತಡೆ. ತೀವ್ರತೆ ಒಂದು.

ಎಪ್ಪತ್ತೆಂಟು: ಹತ್ತೊಂಬತ್ತನೆಯ ಅಧ್ಯಾಯ ಉದ್ದ ಹೆಚ್ಚು. ತೀವ್ರತೆ ಮೂರು.

ನೂರ ಹದಿನಾಲ್ಕು: ಆಮ್ಲಜನಕ. ಇದು ಕಿರೀಟಪ್ರಾಯ. ನೌಕೆಯಲ್ಲಿ ತುಂಬಿದ ಆಮ್ಲಜನಕ ನಾಲ್ಕು ಜನರಿಗೆ ಎಪ್ಪತ್ತು ದಿನಕ್ಕೆ ಸಾಕು ಎಂದು ಎರಡನೆಯ ಅಧ್ಯಾಯ ಹೇಳುತ್ತದೆ. ಏರಿ ಕೂತವರು ಏಳು ಜನ. ಹಾಗಿದ್ದರೆ ನಲವತ್ತು ದಿನಕ್ಕೆ ಮುಗಿಯಬೇಕು. ಹೋಗಿ ಬರುವ ಪಯಣ ಅರವತ್ತೊಂದು ದಿನ. ಅಂದರೆ ಕಾದಂಬರಿಯ ಕೊನೆಯ ಮೂರನೆಯ ಒಂದು ಭಾಗದಲ್ಲಿ ಸಾಹಸ ಮಾಡುತ್ತಿರುವವರೆಲ್ಲ ತಾಂತ್ರಿಕವಾಗಿ ತೀರಿಕೊಂಡವರು. ತೀವ್ರತೆ ಒಂದು.

ಪಟ್ಟಿಯಲ್ಲಿ ಗುಣಗಳಿಗೆ ಕಾಲಂ ಇರಲಿಲ್ಲ. ಇದಕ್ಕೆ ದುರುದ್ದೇಶ ಕಾರಣವಲ್ಲ. ಮೂವತ್ತು ವರ್ಷದಲ್ಲಿ 'ಈ ಗುಂಡಿ ಒತ್ತಿದೆ, ಚೆನ್ನಾಗಿ ಕೆಲಸ ಮಾಡಿತು, ಮನಸ್ಸಿಗೆ ಹಿತವಾಯಿತು' ಎಂದು ನಾನು ಒಂದು ವರದಿಯನ್ನೂ ಬರೆದಿಲ್ಲ. ಕೆಲಸ ಮಾಡುವುದು ಗುಂಡಿಯ ಧರ್ಮ. ಅದಕ್ಕೆ ಶಹಭಾಸ್ ಏಕೆ?

ಆಕೆ ಪಟ್ಟಿಯನ್ನು ತಿಂಡಿಯ ಹೊತ್ತಿಗೆ ಓದಿದಳು. ಒಂದೊಂದೇ ಹಾಳೆ, ಬೆರಳಿಟ್ಟು, ಸಾವಧಾನವಾಗಿ. ಕೊನೆಯ ಹಾಳೆ ಮುಗಿದ ಮೇಲೆ ಅದನ್ನು ತಿರುಗಿಸಿ ಹಿಂಬದಿ ನೋಡಿದಳು. ಹಿಂಬದಿ ಖಾಲಿ ಇತ್ತು. ಕಾಗದ ಒಂದೇ ಬದಿಗೆ ಬಳಸಿದ್ದೇನೆಂದು ಬೈಯುತ್ತಾಳೆ ಎಂದುಕೊಂಡೆ.

"ಇಷ್ಟೇನಾ?" ಎಂದಳು.

"ಇಷ್ಟೇ. ಇದಕ್ಕಿಂತ ಜಾಸ್ತಿ ನನ್ಗೆ ಸಿಗ್ಲಿಲ್ಲ," ಎಂದು ಸಮಾಧಾನ ಹೇಳಿದೆ.

ಆಕೆ ತಟ್ಟೆ ತೊಳೆದಿಟ್ಟು ಕಂಪ್ಯೂಟರಿನ ಮುಂದೆ ಕೂತಳು. ಹನ್ನೆರಡು ದಿನ ಕೂತಳು. ಒಂದೊಂದು ದೋಷ ಸರಿಯಾದಾಗಲೂ ಪಟ್ಟಿಯ ಮೇಲೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆಯುತ್ತಿದ್ದಳು. ನಾನು ಬದುಕಿನಲ್ಲಿ ಕಂಡ ಅತ್ಯಂತ ವಿಧೇಯ ಇಂಜಿನಿಯರ್ ಆಕೆ. ಒಂದು ಅಂಶಕ್ಕೂ ವಾದ ಮಾಡಲಿಲ್ಲ. ಅದನ್ನು ನೋಡಿಯಾದರೂ ನನಗೆ ಅನುಮಾನ ಬರಬೇಕಿತ್ತು. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಆಕೆ ನನ್ನ ಮಾತನ್ನು ವಾದವಿಲ್ಲದೆ ಒಪ್ಪಿದ್ದು ಅದೇ ಮೊದಲು.

ಹೊಸ ಪ್ರತಿ ಅಚ್ಚಾಯಿತು. ಹಳೆಯದನ್ನು ನಾನು ಮಂಗಳವಾರ ಮರುಬಳಕೆಯ ಡಬ್ಬಿಗೆ ಹಾಕಿದೆ. ಹಳೆಯ ಆವೃತ್ತಿ ಮನೆಯಲ್ಲಿದ್ದರೆ ಗೊಂದಲವಾಗುತ್ತದೆ ಎಂಬುದು ನಮ್ಮ ಕಸುಬಿನ ಶಿಸ್ತು. ಬುಧವಾರ ಲಾರಿ ಬಂದು ಒಯ್ದಿತು.

ಗುರುವಾರ ಹಲ್ಲಿನ ವೈದ್ಯರಲ್ಲಿಗೆ ಎರಡನೆಯ ಯಾತ್ರೆ. ಹೊಸ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಕೂತೆ. ಸಾರಿನ ಅಧ್ಯಾಯ ಮೂರು ಪುಟವಾಗಿತ್ತು. ಖಳನನ್ನು ಒಂದು ಸಂವೇದಕ ಪತ್ತೆಹಚ್ಚಿತು. ಆಮ್ಲಜನಕದ ಸಮಸ್ಯೆ ಬಗೆಹರಿದಿತ್ತು. ನೌಕೆಯಲ್ಲಿ ನಾಲ್ಕೇ ಜನರಿದ್ದರು. ಬೆಟ್ಟಕ್ಕೆ ಮೆಟ್ಟಿಲಿರಲಿಲ್ಲ. ಹತ್ತೊಂಬತ್ತನೆಯ ಅಧ್ಯಾಯ ಅರ್ಧವಾಗಿತ್ತು. ಗೋಡೆಯಾಚೆ ಎಣಿಸುತ್ತಿದ್ದವರು ಎರಡನೆಯ ಪುಟದಲ್ಲೇ ಸಿಕ್ಕಿಬಿಟ್ಟರು. ಹುಡುಕಿದರೂ ಒಂದು ತಪ್ಪು ಇಲ್ಲ. ಕಾಗದಗಳನ್ನು ಚೀಲಕ್ಕೆ ಹಾಕಿ, ನಾರ್ತ್‌ಗೇಟ್‌ಗೆ ಒಂದು ನಿಲ್ದಾಣ ಮುಂಚೆಯೇ ಎದ್ದು ಬಾಗಿಲ ಬಳಿ ನಿಂತೆ.

ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದಾಗ, ಮಾತಾಡಲು ಅವಕಾಶವಿಲ್ಲದ ಕಾರಣ, ಯೋಚಿಸುವುದು ಅನಿವಾರ್ಯವಾಯಿತು. ಒಂದೇ ರೈಲು, ಒಂದೇ ಪ್ರಯಾಣಿಕ, ಒಂದೇ ಕಾದಂಬರಿಯ ಎರಡು ಆವೃತ್ತಿ. ಮೊದಲನೆಯದರಲ್ಲಿ ನಿಲ್ದಾಣ ತಪ್ಪಿತು. ಎರಡನೆಯದರಲ್ಲಿ ನಿಲ್ದಾಣ ಬರಲೆಂದು ಕಾದೆ. ಇದಕ್ಕಿಂತ ಸ್ಪಷ್ಟವಾದ ಪರೀಕ್ಷಾ ಫಲಿತಾಂಶ ನನ್ನ ವೃತ್ತಿಜೀವನದಲ್ಲಿ ಸಿಕ್ಕಿರಲಿಲ್ಲ. ಒಂದನ್ನು ಸರಿಮಾಡಲು ಹೋಗಿ ಚೆನ್ನಾಗಿ ನಡೆಯುತ್ತಿದ್ದ ಇನ್ನೊಂದನ್ನು ಕೆಡಿಸುವುದಕ್ಕೆ ನಮ್ಮಲ್ಲಿ ಅತ್ಯಂತ ಕೀಳು ಸ್ಥಾನವಿದೆ. ಕೆಡಿಸಿದವನು ನಾನು.

ಆಕೆಗೆ ಇದನ್ನು ಹೇಗೆ ಹೇಳುವುದೆಂದು ಎರಡು ದಿನ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಭಾನುವಾರ ಮಗಳು ಬಂದಳು.

ಮಗಳು ಇಲ್ಲೇ ಹುಟ್ಟಿದವಳು. ಮರ್ಸರ್ ಐಲ್ಯಾಂಡ್‌ನಲ್ಲಿ ವಾಸ, ರೆಡ್ಮಂಡ್‌ನಲ್ಲಿ ಕೆಲಸ, ಅದೂ ನನ್ನ ಕಸುಬೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಓದಲು ಬಾರದು, ಉತ್ತರ ಇಂಗ್ಲಿಷಿನಲ್ಲಿ. ಅವಳಿಗಾಗಿ ಆಕೆ ಪ್ರತಿಯೊಂದು ಅಧ್ಯಾಯ ಬರೆದು ಮುಗಿಸಿದಾಗಲೂ ಅದನ್ನು ಗಟ್ಟಿಯಾಗಿ ಓದಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಮಗಳು ಆಫೀಸಿಗೆ ಡ್ರೈವ್ ಮಾಡುತ್ತ ಕೇಳುತ್ತಿದ್ದಳು. ಆ ವಾರ ತಿದ್ದಿದ ಅಧ್ಯಾಯಗಳೂ ಹೋಗಿದ್ದವು. ಒಳಗೆ ಬಂದವಳು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

"ಅಮ್ಮ, ವೇರ್ ಈಸ್ ಪೈಪ್ ತಾತ?"

"ತಾತ ಇಲ್ಲ," ಎಂದಳು ಆಕೆ, ಬೀನ್ಸ್ ಹೆಚ್ಚುತ್ತ.

"ಹಿ ಡೈಡ್?"

"ಸಾಯ್ಲಿಲ್ಲ. ಹುಟ್ಲೇ ಇಲ್ಲ. ನಿಮ್ಮಪ್ಪನ್ನ ಕೇಳು."

ಮಗಳು ನನ್ನ ಕಡೆ ನೋಡಿದಳು. ನಾನು ಆಮ್ಲಜನಕದ ಲೆಕ್ಕ ವಿವರಿಸಿದೆ. ಏಳು ಜನ, ನಲವತ್ತು ದಿನ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಪ್ಪ. ಯೂ ಫೈಲ್ಡ್ ಅ ಬಗ್ ಆನ್ ಪೈಪ್ ತಾತ?"

"ತಾತನ ಮೇಲೆ ದೋಷ ಬರೆದಿಲ್ಲ ಮಗು. ಆಮ್ಲಜನಕದ ಮೇಲೆ."

"ನಿಮ್ಮ ಆಮ್ಲಜನಕಕ್ಕೋಸ್ಕರ ಮೂರು ಜನ ಹೋದ್ರು," ಎಂದಳು ಆಕೆ. "ಶುರೂನಲ್ಲಿ ನಾಲ್ಕೇ ಜನ ಇದ್ದಿದ್ದು. ಆಮೇಲೆ ಬರೀತಾ ಬರೀತಾ ತಾತ ಬಂದ, ಇನ್ನಿಬ್ರು ಬಂದ್ರು. ಹೊರಡೋ ಹೊತ್ನಲ್ಲಿ ಬಂದವರನ್ನ ಬರಬೇಡಿ ಅನ್ನಕ್ಕಾಗತ್ತಾ? ಗಾಳಿ ಎಣಿಸೋಕೆ ಮರ್ತೆ. ತಪ್ಪು ನಂದೇ."

"ಆಂಡ್ ದ ಸಾರು?"

"ಅದೂ ಇಲ್ಲ."

ಮಗಳು ಕುರ್ಚಿ ಎಳೆದುಕೊಂಡು ಕೂತಳು. ಆ ಹನ್ನೊಂದನೆಯ ಅಧ್ಯಾಯದಲ್ಲಿ ಏನಾಗುತ್ತಿತ್ತೆಂದು ನಾನು ಹೇಳಬೇಕು. ಕ್ಯಾಪ್ಟನ್ ಸಾರು ಮಾಡಲು ಹೊರಡುತ್ತಾರೆ. ಸಾರು ಚೆಂಡುಚೆಂಡಾಗಿ ಗಾಳಿಯಲ್ಲಿ ತೇಲತೊಡಗುತ್ತದೆ. ಎಲ್ಲರೂ ಬಾಯಿ ತೆರೆದುಕೊಂಡು ಅದರ ಹಿಂದೆ ಈಜುತ್ತಾರೆ. ಒಗ್ಗರಣೆಯ ಸಾಸಿವೆ ಸಿಡಿದು ದಿಕ್ಕುದಿಕ್ಕಿಗೆ ಹಾರುತ್ತದೆ. ಮೆಣಸಿನಕಾಯಿಯ ಘಾಟು ಗಾಳಿಯ ಕೊಳವೆಯೊಳಗೆ ಹೋಗಿ, ಒಂಬತ್ತು ಅಧ್ಯಾಯ ಉಸಿರು ಬಿಗಿಹಿಡಿದು ಅಡಗಿದ್ದ ಖಳ ಒಂದು ಸಲ ಸೀನುತ್ತಾನೆ. ಪೈಪ್ ತಾತ ಕೊಳವೆಗೆ ಕಿವಿಯಿಟ್ಟು, "ಇದು ನಮ್ಮ ಪೈಪಿನ ಸದ್ದಲ್ಲ," ಎನ್ನುತ್ತಾನೆ. ಕತೆಯ ಓಟಕ್ಕೆ ತಡೆ ಎಂದು ನಾನು ಬರೆದದ್ದು ಇದಕ್ಕೆ.

"ನಂಗೂ ಹೊಸದು ಸರಿ ಅನ್ನಿಸ್ಲಿಲ್ಲ," ಎಂದೆ. ಇದು ನಾನು ಎರಡು ದಿನ ಲೆಕ್ಕ ಹಾಕಿ ಸಿದ್ಧಪಡಿಸಿದ ಮಾತಾಗಿರಲಿಲ್ಲ.

ಆಕೆ ಚಾಕು ಕೆಳಗಿಟ್ಟಳು. "ಅಂದ್ರೆ?"

"ಅಂದ್ರೆ, ಹಳೇದನ್ನೇ ಕಳ್ಸೋಣ."

"ನೂರ ಹದ್ನಾಲ್ಕು ತಪ್ಪಿರೋದನ್ನಾ? ಅವರು ಒಂದೇ ಸಲ ಓದೋದು. ನಂಗೇನು ಹುಚ್ಚಾ? ತಪ್ಪಿಲ್ದೇ ಇರೋದೇ ಹೋಗ್ಲಿ."

"ಹಳೇ ಫೈಲ್ ಎಲ್ಲಿದೆ?"

"ಅದ್ರ ಮೇಲೇ ತಿದ್ದಿದೆ."

"ಬ್ಯಾಕಪ್?"

"ಊರಿಗೆಲ್ಲ ಬ್ಯಾಕಪ್ ಇಟ್ಕೊಳಿ ಅಂತ ಹೇಳಿದೋರು ನೀವು. ಅಚ್ಚು ಹಾಕಿದ್ದ ಒಂದು ಪ್ರತಿ ಇತ್ತಲ್ಲ, ಅದೆಲ್ಲಿ?"

ಬುಧವಾರದ ಲಾರಿಯ ವಿಷಯ ಹೇಳಿದೆ. ಆಕೆ ಕ್ಯಾಲೆಂಡರ್ ನೋಡಿದಳು. ಹಬ್ಬಕ್ಕೆ ಐದು ದಿನ ಉಳಿದಿತ್ತು.

ಮಗಳು ಫೋನನ್ನು ಮೇಜಿನ ಮೇಲಿಟ್ಟಳು. "ಐ ಹ್ಯಾವ್ ಆಲ್ ಆಫ್ ಇಟ್." ಮೊದಲನೆಯ ಅಧ್ಯಾಯದಿಂದ ಕೊನೆಯವರೆಗೆ, ಹಳೆಯ ರೆಕಾರ್ಡಿಂಗ್‌ಗಳನ್ನು ಒಂದನ್ನೂ ಅವಳು ಅಳಿಸಿರಲಿಲ್ಲ. ಕನ್ನಡದ ಒಂದಕ್ಷರ ಓದಲಾರದ ಹುಡುಗಿಯ ಬಳಿ ಆ ಕಾದಂಬರಿಯ ಏಕೈಕ ಮೂಲಪ್ರತಿ ಇತ್ತು.

ಆದರೆ ಆಕೆ ಒಪ್ಪಲಿಲ್ಲ. ಪಟ್ಟಿಯನ್ನು ತಂದು ನನ್ನ ಮುಂದಿಟ್ಟಳು.

"ನೀವೇ ತಪ್ಪು ಅಂತ ಬರೆದ್ರಿ. ಈಗ ನೀವೇ ತಪ್ಪಲ್ಲ ಅಂತೀರಿ. ಯಾವುದು ನಿಜ? ಮಗಳು ಬೇಜಾರು ಮಾಡ್ಕೊಂಡ್ಳು ಅಂತ ಹೇಳ್ಬೇಡಿ. ನಂಗೆ ದಾಕ್ಷಿಣ್ಯ ಬೇಡ."

ನಮ್ಮ ಕಸುಬಿನಲ್ಲಿ ಒಂದು ಸಂಪ್ರದಾಯವಿದೆ. ದೋಷವನ್ನು ಯಾರು ತೆರೆದರೋ ಅವರೇ ಅದನ್ನು ಮುಚ್ಚಬೇಕು; ಬೇರೆಯವರು ಮುಚ್ಚುವಂತಿಲ್ಲ. 'ಇದು ದೋಷವಲ್ಲ, ಬೇಕೆಂದೇ ಹೀಗೆ ಮಾಡಿದ್ದು' ಎಂದು ಮುಚ್ಚುವುದಾದರೆ ಕಾರಣ ಬರೆಯಬೇಕು. ಮಗಳು ಇದನ್ನು ಅಮ್ಮನಿಗೆ ವಿವರಿಸಿದಳು. ಅಮ್ಮನಿಗೆ ಈ ಸಂಪ್ರದಾಯ ಬಹಳ ಹಿಡಿಸಿತು.

"ಸರಿ ಹಾಗಾದ್ರೆ. ಕಾರಣ ಬರೀರಿ. ಓದಿ ನೋಡ್ತೀನಿ, ಆಮೇಲೆ ಹೇಳ್ತೀನಿ."

ಮೇಜಿನ ಒಂದು ಬದಿಗೆ ನಾನು, ಪಟ್ಟಿಯೊಂದಿಗೆ. ಇನ್ನೊಂದು ಬದಿಗೆ ಅವರಿಬ್ಬರು. ಹದಿಮೂರು ತಿದ್ದಿದಂತೆಯೇ ಇರಲಿ ಎಂದೆ. ಖಳನ ಭಾಷಣ ಹೋದದ್ದು ಲೋಕಕಲ್ಯಾಣ. 'ಅಪ್ಪಣೆ' ಹತ್ತು ಸಲ ಸಾಕು. ಕತೆಯಲ್ಲಿದ್ದ ಕಾಕತಾಳೀಯಗಳು ಹೋಗಿದ್ದವು, ಹೋಗಲಿ. ಎಪ್ಪತ್ತಮೂರು ತಿದ್ದುಪಡಿಗಳು ನಿಂತವು, ಅವುಗಳಿಂದ ನನ್ನ ಕಸುಬಿನ ಮರ್ಯಾದೆಯೂ ಅಷ್ಟರಮಟ್ಟಿಗೆ ನಿಂತಿತು. ಉಳಿದ ನಲವತ್ತೊಂದಕ್ಕೆ ಕಾರಣ ಬರೆಯಬೇಕಿತ್ತು, ಮತ್ತು ಮೂವತ್ತು ವರ್ಷದಲ್ಲಿ ಬರೆದಿರದ ಬಗೆಯ ವಾಕ್ಯಗಳನ್ನು ಬರೆಯಬೇಕಿತ್ತು. ಕೈ ಬಾಗುತ್ತಿರಲಿಲ್ಲ.

ನಲವತ್ತು, ಬೆಟ್ಟದ ಕಟ್ಟೆ: 'ಕ್ಯಾಪ್ಟನ್ ಅಲ್ಲಿ ಕೂತು ಭೂಮಿಯನ್ನು ನೋಡುತ್ತಾರೆ. ಕಟ್ಟೆ ಇಲ್ಲದಿದ್ದರೆ ನಿಂತು ನೋಡಬೇಕಾಗುತ್ತದೆ. ನಿಂತವರಿಗೆ ಊರು ಅಷ್ಟು ನೆನಪಾಗುವುದಿಲ್ಲ.'

ಐವತ್ತೊಂದು, ಸಾರು: 'ಅಪಾಯದ ನಡುವೆ ಊಟದ ಹೊತ್ತಾದರೆ ಅಡುಗೆ ಮಾಡುವ ಕ್ಯಾಪ್ಟನ್‌ರನ್ನು ಬೇರೆ ಕಡೆ ಓದಿಲ್ಲ. ಮನೆಯಲ್ಲಿ ಕಂಡಿದ್ದೇನೆ.'

ಎಪ್ಪತ್ತೆಂಟು, ಹತ್ತೊಂಬತ್ತನೆಯ ಅಧ್ಯಾಯ. ಇಲ್ಲಿ ಪೆನ್ನು ನಿಂತಿತು. ಆಮೇಲೆ ಬರೆದೆ: 'ಇದನ್ನು ಓದುತ್ತ ಇಳಿಯಬೇಕಾದ ನಿಲ್ದಾಣ ಮರೆತು ವಿಮಾನ ನಿಲ್ದಾಣದವರೆಗೆ ಹೋದೆ. ಆ ದಿನ ಹಲ್ಲು ತೋರಿಸಲಿಲ್ಲ. ಉದ್ದ ಸರಿಯಾಗಿದೆ.'

ಆಕೆ ಹಾಳೆ ತೆಗೆದುಕೊಂಡು ಓದಿದಳು. ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

"ಗೊತ್ತು," ಎಂದಳು. "ಯಾಕೆ ಬರ್ಲಿಲ್ಲ ಅಂತ ಡಾಕ್ಟ್ರ ಆಫೀಸಿಂದ ಆವತ್ತೇ ಫೋನ್ ಬಂತು. ನಿಮ್ಮ ಚೀಲದಲ್ಲಿ ಹತ್ತೊಂಬತ್ತನೇ ಅಧ್ಯಾಯ ಮೇಲಿತ್ತು."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಪಟ್ಟೀಲಿ ಬರತ್ತೇನೋ ಅಂತ ಕಾಯ್ತಿದ್ದೆ."

ಕೊನೆಯ ಹಾಳೆಯ ಹಿಂಬದಿ ನನಗೆ ಆಗ ನೆನಪಾಯಿತು.

ನಲವತ್ತು ಕಾರಣಗಳನ್ನು ಆಕೆ ಒಪ್ಪಿದಳು. ಮಗಳು ಫೋನಿನಲ್ಲಿ ಅಮ್ಮನ ದನಿಯನ್ನು ಓಡಿಸಿದಳು; ಅಮ್ಮ ತನ್ನದೇ ದನಿ ಕೇಳುತ್ತ ಟೈಪ್ ಮಾಡಿದಳು; ನಡುನಡುವೆ "ಏನು ಹೀಗೆ ಎಳೀತಾಳೆ ಈ ಹೆಂಗ್ಸು" ಎಂದು ತನ್ನನ್ನೇ ಬೈದುಕೊಂಡು ಒಂದೊಂದು ವಾಕ್ಯ ಬಿಟ್ಟಳು. ಸೋಮವಾರ, ಮಂಗಳವಾರ ಮಗಳು ನಮ್ಮ ಮನೆಯಿಂದಲೇ ಕೆಲಸ ಮಾಡಿದಳು. ಪೈಪ್ ತಾತ ಮಂಗಳವಾರ ಮಧ್ಯಾಹ್ನ ಊಟದ ಹೊತ್ತಿಗೆ ಮರಳಿ ನೌಕೆ ಹತ್ತಿದ. ಮೂರೂ ಜನ ಸೇರಿ ಸಾರನ್ನ ಉಂಡೆವು. ಸಾರು ಪಾತ್ರೆಯಲ್ಲೇ ನಿಂತಿತ್ತು.

ಉಳಿದದ್ದು ನೂರ ಹದಿನಾಲ್ಕು. ಅದಕ್ಕೆ ಮಾತ್ರ ಎರಡು ಗಂಟೆ ಕೂತರೂ ಕಾರಣ ಹೊಳೆಯಲಿಲ್ಲ. ಅದು ನಿಜವಾದ ತಪ್ಪು.

"ಇನ್ನೂ ಮೂರು ಸಿಲಿಂಡರ್ ಹಾಕಿಬಿಡೆ," ಎಂದೆ. "ಒಂದೇ ವಾಕ್ಯ."

"ಹಾಕಿದ್ರೆ ತೂಕ ಜಾಸ್ತಿ ಆಗತ್ತೆ, ಇಂಧನ ಸಾಲಲ್ಲ. ನೌಕೆ ಮೇಲೇಳೋ ಲೆಕ್ಕ ನಾನು ಪೆನ್ಸಿಲ್ ಹಿಡಿದು ಮೂರು ಸಲ ಮಾಡಿದೀನಿ, ಸರಿಯಾಗಿದೆ. ಅದನ್ನ ಮುಟ್ಬೇಡಿ."

"ಪಯಣ ನಲವತ್ತು ದಿನ ಮಾಡು."

"ಶನಿಗ್ರಹ ಏನು ಮರ್ಸರ್ ಐಲ್ಯಾಂಡಾ?"

"ಹಾಗಾದ್ರೆ ಉಸಿರು?"

ಆಕೆ ಸ್ವಲ್ಪ ಯೋಚಿಸಿದಳು. "ಸ್ವಲ್ಪ ಸ್ವಲ್ಪ ತಗೋತಾರೆ."

ದೋಷವನ್ನು ಮುಚ್ಚಲು ನಮ್ಮಲ್ಲಿ ಇನ್ನೊಂದು ದಾರಿ ಇದೆ: ತಪ್ಪು ಹೌದು, ಸರಿಮಾಡುವುದಿಲ್ಲ. ಸೇವೆಯಲ್ಲಿದ್ದಾಗ ಯಾರಾದರೂ ಇದನ್ನು ಬಳಸಿದರೆ ನ್ಯಾಯಾಲಯದವರೆಗೂ ಹೋಗುತ್ತೇನೆ ಎನ್ನುವಂತೆ ಜಗಳ ಆಡುತ್ತಿದ್ದೆ. ಈಗ ಅದನ್ನೇ ಬರೆದು, ತಾರೀಕು ಹಾಕಿ, ಸಹಿ ಮಾಡಿದೆ.

ಹಸ್ತಪ್ರತಿ ಬುಧವಾರ ಬೆಳಿಗ್ಗೆ ಮೈಸೂರಿಗೆ ಹೋಯಿತು. ಪ್ರಕಾಶಕರು ಹೇಳಿದಂತೆ ಒಂದೇ ಸಲ ಓದಿದರು. ಪುಸ್ತಕ ಯುಗಾದಿಗೆ ಅಚ್ಚಾಯಿತು. ನೌಕೆಯಲ್ಲಿ ಏಳು ಜನರಿದ್ದಾರೆ, ಆಮ್ಲಜನಕ ನಲವತ್ತನೆಯ ದಿನ ಮುಗಿಯುತ್ತದೆ, ಎಲ್ಲರೂ ಅರವತ್ತೊಂದನೆಯ ದಿನ ಮನೆ ಸೇರುತ್ತಾರೆ.